ಮೊದಲೇ ಇತ್ತೋ, ಆಮೇಲೆ ಬಂತೋ?

'ಪ್ರತಿಜೈವಿಕಗಳನ್ನು ಬಳಸಿದಾಗ ಬ್ಯಾಕ್ಟೀರಿಯಗಳು ಅವುಗಳ ವಿರುದ್ಧ ನಿರೋಧ ಶಕ್ತಿ ಬೆಳೆಸಿಕೊಳ್ಳುತ್ತವೆ.' ಜೀವವಿಜ್ಞಾನದ ಉತ್ತರ ಪತ್ರಿಕೆಗಳಲ್ಲಿ ಇಂಥ ವಾಕ್ಯ ಸಾಮಾನ್ಯ. ಔಷಧಿಯೇ ಬ್ಯಾಕ್ಟೀರಿಯಕ್ಕೆ ಪಾಠ ಕಲಿಸಿತು ಎಂಬ ಅರ್ಥ ಅದರಲ್ಲಿ ಅಡಗಿದೆ. ಇನ್ನೊಂದು ಸಾಧ್ಯತೆಯೂ ಇದೆಯಲ್ಲವೆ? ಕೋಟಿಗಟ್ಟಲೆ ಕೋಶಗಳ ಪೈಕಿ ಒಂದೆರಡರಲ್ಲಿ ಆ ಶಕ್ತಿ ಮೊದಲೇ ಇದ್ದು, ಉಳಿದವು ಸತ್ತ ಮೇಲೆ ಅವು ಮಾತ್ರ ಕಣ್ಣಿಗೆ ಬಿದ್ದಿರಬಹುದು. ಎರಡರಲ್ಲೂ ಕೊನೆಗೆ ಕಾಣುವುದು ಒಂದೇ: ಬದುಕುಳಿದ ಬ್ಯಾಕ್ಟೀರಿಯ. ಹಾಗಿದ್ದರೆ ಯಾವುದು ಸರಿ ಎಂದು ತಿಳಿಯುವುದು ಹೇಗೆ?

1943ರಲ್ಲಿ ಈ ಪ್ರಶ್ನೆಯನ್ನು ಸಾಲ್ವಡಾರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್ ಬಿಡಿಸಿದರು. ಲೂರಿಯಾ ಇಟಲಿಯಿಂದ, ಡೆಲ್‌ಬ್ರುಕ್ ಜರ್ಮನಿಯಿಂದ ಅಮೆರಿಕಕ್ಕೆ ಬಂದವರು. ಡೆಲ್‌ಬ್ರುಕ್ ಮೂಲತಃ ಭೌತವಿಜ್ಞಾನಿ. ಅವರು ಆರಿಸಿಕೊಂಡದ್ದು ಪ್ರತಿಜೈವಿಕವನ್ನಲ್ಲ, ಇ. ಕೋಲಿ ಬ್ಯಾಕ್ಟೀರಿಯವನ್ನು ಕೊಲ್ಲುವ ಟಿ1 ಎಂಬ ವೈರಸ್ಸನ್ನು. ಸಹೋದ್ಯೋಗಿಯೊಬ್ಬರು ನಾಣ್ಯ ಹಾಕುವ ಜೂಜಿನ ಯಂತ್ರದ ಮುಂದೆ ನಿಂತಿದ್ದನ್ನು ನೋಡುವಾಗ ಈ ಪ್ರಯೋಗ ಹೊಳೆಯಿತೆಂದು ಲೂರಿಯಾ ಬರೆದುಕೊಂಡಿದ್ದಾರೆ. ಬಹುಪಾಲು ಸಲ ಯಂತ್ರ ಏನೂ ಕೊಡುವುದಿಲ್ಲ. ಎಂದೋ ಒಮ್ಮೆ ಬೊಗಸೆ ತುಂಬ ಸುರಿಯುತ್ತದೆ.

ಅಲ್ಪ ಸಂಖ್ಯೆಯ ಬ್ಯಾಕ್ಟೀರಿಯಗಳನ್ನು ಹಾಕಿದ 20 ಪ್ರನಾಳಗಳನ್ನು ಕಲ್ಪಿಸಿಕೊಳ್ಳಿ. ಅವು ಬೇರೆ ಬೇರೆಯಾಗಿಯೇ ಬೆಳೆದು ಕೋಟಿಗಳಾಗುತ್ತವೆ. ಆಮೇಲೆ ಪ್ರತಿ ಪ್ರನಾಳದಿಂದ ಸಮ ಪ್ರಮಾಣವನ್ನು ವೈರಸ್ ತುಂಬಿದ ಅಗರ್ ತಟ್ಟೆಗೆ ಹರಡಿ, ಬದುಕಿದ ಕೋಶಗಳಿಂದ ಬೆಳೆದ ಕಾಲೊನಿಗಳನ್ನು ಎಣಿಸುತ್ತೇವೆ. ವೈರಸ್ಸಿನ ಸಂಪರ್ಕವೇ ನಿರೋಧ ಶಕ್ತಿಗೆ ಕಾರಣವಾಗಿದ್ದರೆ ಪ್ರತಿ ಕೋಶಕ್ಕೂ ಅದು ದೊರೆಯುವ ಸಂಭವ ಒಂದೇ ಆಗಿರಬೇಕು. ಆಗ ಎಲ್ಲ ತಟ್ಟೆಗಳ ಎಣಿಕೆಯೂ ಹೆಚ್ಚು ಕಡಿಮೆ ಹತ್ತಿರ ಹತ್ತಿರ ಬರಬೇಕು. ಒಗ್ಗರಣೆ ಅವಲಕ್ಕಿಯನ್ನು ಚೆನ್ನಾಗಿ ಕಲಸಿ ಸೌಟಿನಿಂದ ಬಡಿಸಿದರೆ ಪ್ರತಿ ತಟ್ಟೆಗೂ ಬೀಳುವ ಕಡಲೆಬೀಜದ ಲೆಕ್ಕವಿದ್ದಂತೆ! ಇದಕ್ಕೆ ಪ್ವಾಸಾನ್ ವಿತರಣೆ ಎಂದು ಹೆಸರು. ಅದರ ಲಕ್ಷಣವೆಂದರೆ ಸರಾಸರಿಯೂ ವೇರಿಯನ್ಸ್ (ಮಾನಕ ವಿಚಲನೆಯ ವರ್ಗ) ಕೂಡ ಸಮವಾಗಿರುವುದು.

ಬದಲಿಗೆ, ವೈರಸ್ ಬರುವ ಮುನ್ನವೇ, ಬೆಳೆಯುವಾಗ ಆಕಸ್ಮಿಕವಾಗಿ ಉತ್ಪರಿವರ್ತನೆ ಆಗಿದ್ದರೆ? ಕೊನೆಯ ವಿಭಜನೆಯಲ್ಲಿ ಆದರೆ ನಿರೋಧಕ ಕೋಶ ಒಂದೇ. ಆರು ಪೀಳಿಗೆ ಮೊದಲೇ ಆದರೆ ಅದರ ಸಂತತಿ 64. ಹತ್ತು ಪೀಳಿಗೆ ಮೊದಲಾದರೆ 1024. ಆದ್ದರಿಂದ ಹಲವು ಪ್ರನಾಳಗಳು ಖಾಲಿ ಬಿದ್ದು, ಒಂದೆರಡರಲ್ಲಿ ಮಾತ್ರ ಜೂಜಿನ ಯಂತ್ರ ಸುರಿದಂತೆ ಸುರಿಯಬೇಕು.

ಅವರ ಒಂದು ಪ್ರಯೋಗದಲ್ಲಿ 20 ಪ್ರನಾಳಗಳ ಎಣಿಕೆ ಹೀಗಿತ್ತು: 1, 0, 3, 0, 0, 5, 0, 5, 0, 6, 107, 0, 0, 0, 1, 0, 0, 64, 0, 35.

ಇದನ್ನು ತರಗತಿಯ ಹಲಗೆಯ ಮೇಲೆ ಬರೆದು ಲೆಕ್ಕ ಹಾಕಿಸಿ. ಮೊತ್ತ 227, ಸರಾಸರಿ 11.35. ಆದರೆ 11ರ ಆಸುಪಾಸಿನಲ್ಲಿ ಒಂದು ಪ್ರನಾಳವೂ ಇಲ್ಲ! ಮಧ್ಯಾಂಕ ಸೊನ್ನೆ, ಮೂರು ಪ್ರನಾಳಗಳಲ್ಲೇ 206 ಕಾಲೊನಿಗಳು. ವೇರಿಯನ್ಸ್ ಸುಮಾರು 752, ಅಂದರೆ ಸರಾಸರಿಯ 66 ಪಟ್ಟು. 107 ಬಂದ ತಟ್ಟೆಯನ್ನು 'ಏನೋ ಕಲಬೆರಕೆಯಾಗಿದೆ' ಎಂದು ಪಕ್ಕಕ್ಕಿಡುವ ಮನಸ್ಸು ಪ್ರಯೋಗಶಾಲೆಯಲ್ಲಿ ಯಾರಿಗಾದರೂ ಬರುವಂಥದೇ. ಹಾಗೆ ಮಾಡಿದ್ದರೆ ಉತ್ತರದ ಮುಖ್ಯ ಭಾಗವನ್ನೇ ಬಿಸಾಡಿದಂತಾಗುತ್ತಿತ್ತು.

ಆದರೂ ಇಷ್ಟೇ ಸಾಲದು. ಎಣಿಸುವುದರಲ್ಲೋ ಹರಡುವುದರಲ್ಲೋ ಏರುಪೇರಾಗಿದ್ದರೆ? ಅದಕ್ಕಾಗಿ ಒಂದೇ ದೊಡ್ಡ ಸೀಸೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಗಳಿಂದ 10 ಮಾದರಿ ತೆಗೆದು ಅದೇ ರೀತಿ ಪರೀಕ್ಷಿಸಿದರು: 14, 15, 13, 21, 15, 14, 26, 16, 20, 13. ಸರಾಸರಿ 16.7, ವೇರಿಯನ್ಸ್ ಸುಮಾರು 18. ವಿಧಾನದಲ್ಲಿ ದೋಷವಿಲ್ಲವೆಂದಾಯಿತು. ಗಮನಿಸಿ, ಈ ಹತ್ತು ಅಂಕಿಗಳಷ್ಟೇ ಕೈಯಲ್ಲಿದ್ದರೆ ಎರಡು ಊಹೆಗಳಲ್ಲಿ ಯಾವುದನ್ನೂ ಅಲ್ಲಗಳೆಯಲು ಆಗುತ್ತಿರಲಿಲ್ಲ, ಏಕೆಂದರೆ ಎರಡೂ ಇಲ್ಲಿ ಒಂದೇ ಫಲಿತಾಂಶವನ್ನು ಮುನ್ನುಡಿಯುತ್ತವೆ. ತುಲನೆಯ ಪ್ರಯೋಗವಿಲ್ಲದೆ 752ಕ್ಕೆ ಅರ್ಥವಿಲ್ಲ. 752 ಇಲ್ಲದೆ ತುಲನೆಯ ಪ್ರಯೋಗಕ್ಕೆ ಕೆಲಸವಿಲ್ಲ.

ಖಾಲಿ ತಟ್ಟೆಗಳಿಂದಲೂ ಲಾಭವುಂಟು. ಪ್ರನಾಳದಲ್ಲಿದ್ದುದನ್ನೆಲ್ಲ ತಟ್ಟೆಗೆ ಹಾಕಿದೆವು, ಅರ್ಧದಷ್ಟು ತಟ್ಟೆಗಳು ಖಾಲಿ ಬಂದವು ಎಂದಿಟ್ಟುಕೊಳ್ಳಿ. ಪ್ವಾಸಾನ್ ಸೂತ್ರದ ಪ್ರಕಾರ ಪ್ರನಾಳಕ್ಕೆ ಸರಾಸರಿ 0.69 ಉತ್ಪರಿವರ್ತನೆಗಳು ನಡೆದಿವೆ. ಪ್ರತಿಯೊಂದರಲ್ಲೂ ಹತ್ತು ಕೋಟಿ ಕೋಶಗಳಿದ್ದರೆ, ಉತ್ಪರಿವರ್ತನೆಯ ದರ ನೂರು ಕೋಟಿ ಕೋಶಗಳಿಗೆ ಸುಮಾರು 7. ಯಾವ ಸೂಕ್ಷ್ಮದರ್ಶಕವೂ ತೋರಿಸದ ಘಟನೆಯ ದರ ಹೀಗೆ ಸೊನ್ನೆಗಳ ಎಣಿಕೆಯಿಂದ ದೊರೆಯುತ್ತದೆ.

ರಾಸಾಯನಿಕವಾಗಿ ನಡೆದದ್ದೇನೆಂದು ತಿಳಿದದ್ದು ಬಹಳ ತಡವಾಗಿ. ಡಿಎನ್‌ಎ ಆನುವಂಶಿಕ ವಸ್ತುವೆಂಬುದಕ್ಕೆ ಏವರಿಯವರ ತಂಡ ಪುರಾವೆ ಪ್ರಕಟಿಸಿದ್ದೇ 1944ರಲ್ಲಿ. ಟಿ1 ವೈರಸ್ ಮೊದಲು ಅಂಟಿಕೊಳ್ಳುವುದು ಇ. ಕೋಲಿಯ ಹೊರಪೊರೆಯಲ್ಲಿರುವ ಒಂದು ಪ್ರೋಟೀನಿಗೆ. ಆ ಪ್ರೋಟೀನಿನ ನಿಜವಾದ ಕೆಲಸ ಬೇರೆ. ತಟಸ್ಥ ನೀರಿನಲ್ಲಿ ಫೆರಿಕ್ ಕಬ್ಬಿಣ ಕರಗುವುದೇ ಇಲ್ಲವೆನ್ನಬಹುದು. ಸಾವಯವ ಅಣುವೊಂದು ಹಿಡಿದುಕೊಂಡ ಕಬ್ಬಿಣವನ್ನು ಈ ಪ್ರೋಟೀನು ಒಳಗೆ ಸಾಗಿಸುತ್ತದೆ. ಅದರ ಜೀನ್ ಕೆಟ್ಟರೆ ವೈರಸ್ಸಿಗೆ ಹಿಡಿತ ಸಿಗದು, ಕೋಶಕ್ಕೆ ಕಬ್ಬಿಣದ ಒಂದು ದಾರಿಯೂ ಮುಚ್ಚಿಹೋಗುತ್ತದೆ. ಹಾಗಾಗಿ 'ಶಕ್ತಿ ಬೆಳೆಸಿಕೊಂಡಿತು' ಎನ್ನುವುದಕ್ಕಿಂತ 'ಒಂದು ಬಾಗಿಲು ಕಳೆದುಕೊಂಡಿತು' ಎನ್ನುವುದೇ ಇಲ್ಲಿ ಹೆಚ್ಚು ಸರಿ.

1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿಗಳು ಮಖಮಲ್ಲಿನ ಬಟ್ಟೆಯಿಂದ ಕಾಲೊನಿಗಳ ಅಚ್ಚೊತ್ತಿ ಇದೇ ತೀರ್ಮಾನಕ್ಕೆ ಬೇರೆ ದಾರಿಯಲ್ಲಿ ಬಂದರು. ಲೂರಿಯಾ, ಡೆಲ್‌ಬ್ರುಕ್‌ರಿಗೆ ಆಲ್‌ಫ್ರೆಡ್ ಹರ್ಷಿಯವರೊಂದಿಗೆ 1969ರ ನೊಬೆಲ್ ಪಾರಿತೋಷಕ ಸಂದಿತು. ಆಸ್ಪತ್ರೆಗಳಲ್ಲಿ ಕಾಣುವ ನಿರೋಧ ಶಕ್ತಿಯಲ್ಲಿ ಬಹುಪಾಲು ಬ್ಯಾಕ್ಟೀರಿಯದಿಂದ ಬ್ಯಾಕ್ಟೀರಿಯಕ್ಕೆ ದಾಟುವ ಪ್ಲಾಸ್ಮಿಡ್‌ಗಳದು. ಅದು ಬೇರೆ ಕಥೆ.

ಒಂದು ಎಚ್ಚರಿಕೆ. ಈ ಪ್ರಯೋಗ ಉತ್ತರಿಸಿದ್ದು ಇ. ಕೋಲಿ ಮತ್ತು ಟಿ1 ಜೋಡಿಯ ಪ್ರಶ್ನೆಯನ್ನು, ಎಲ್ಲ ಬ್ಯಾಕ್ಟೀರಿಯಗಳದನ್ನಲ್ಲ. ಮೊಸರು, ಚೀಸ್ ತಯಾರಿಕೆಯಲ್ಲಿ ಬಳಸುವ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್, ತನ್ನ ಮೇಲೆ ದಾಳಿ ಮಾಡಿದ ವೈರಸ್ಸಿನ ಡಿಎನ್‌ಎ ತುಣುಕನ್ನು ತನ್ನ ಡಿಎನ್‌ಎಗೆ ಸೇರಿಸಿಕೊಂಡು ನಿರೋಧ ಶಕ್ತಿ ಪಡೆಯುತ್ತದೆಂದು 2007ರಲ್ಲಿ ತಿಳಿಯಿತು. ಇದೇ ಕ್ರಿಸ್ಪರ್ ವ್ಯವಸ್ಥೆ. ಇಲ್ಲಿ ಶಕ್ತಿ ನಿಜವಾಗಿಯೂ ವೈರಸ್ ತಗುಲಿದ ನಂತರವೇ ಬರುತ್ತದೆ. ಹಾಗಾದರೆ ಈ ಬ್ಯಾಕ್ಟೀರಿಯವನ್ನು 20 ಪ್ರನಾಳಗಳಲ್ಲಿ ಬೆಳೆಸಿ, ಕ್ರಿಸ್ಪರ್‌ನಿಂದ ಬದುಕಿದವನ್ನಷ್ಟೇ ಎಣಿಸಿದರೆ ಸರಾಸರಿಗೂ ವೇರಿಯನ್ಸಿಗೂ ಯಾವ ಸಂಬಂಧ ಕಾಣಬೇಕು? ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ಊಹಿಸಿ ನೋಡಲಿ.