ಪೆನ್ ಡ್ರೈವ್ ತೆಗೆಯುವ ಮುನ್ನ

ಗೋನೆಗಂಡ್ಲದ ವಿದ್ಯಾರ್ಥಿನಿಯೊಬ್ಬಳು ಕನ್ನಡ ಪ್ರಬಂಧವನ್ನು ಪೆನ್ ಡ್ರೈವ್‌ಗೆ ತುಂಬಿಸಿ, ಮುದ್ರಣಕ್ಕೆಂದು ಆದೋನಿಗೆ ಒಯ್ದಳೆನ್ನೋಣ. ಅಲ್ಲಿ ತೆರೆದರೆ ಕಡತವೇ ಇಲ್ಲ! ತಪ್ಪಾದದ್ದು ಅದನ್ನು ಅವಸರದಲ್ಲಿ ಕಿತ್ತ ಗಳಿಗೆಯಲ್ಲಿ.

ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ ‘ಕರ್ನೆಲ್’ ಎಂದು ಹೆಸರು. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಅಂಥದೊಂದು. ಪೆನ್ ಡ್ರೈವ್ ನಿಧಾನಗತಿಯದು. ಆದ್ದರಿಂದ ಕರ್ನೆಲ್ ಬರಹವನ್ನು ಮೊದಲು ಯಂತ್ರದ ವೇಗದ ಸ್ಮೃತಿಯಲ್ಲಿರಿಸಿಕೊಂಡು, ಅನಂತರ ಸಾಗಿಸುತ್ತದೆ. ಲಿನಕ್ಸ್‌ನಲ್ಲಿ ಬರಹ ಹೀಗೆ ಸುಮಾರು 30 ಸೆಕೆಂಡು ಕಾದಿರಬಹುದು. ಪರದೆಯ ಮೇಲೆ ಕೆಲಸ ಮುಗಿದಂತೆ ಕಂಡರೂ ಅದಿನ್ನೂ ಡ್ರೈವ್ ಸೇರಿರುವುದಿಲ್ಲ.

‘ಎಜೆಕ್ಟ್’ ಒತ್ತಿದಾಗ ಕರ್ನೆಲ್ ಬಾಕಿಯನ್ನೆಲ್ಲ ಬರೆದು ಮುಗಿಸಿ, ಬಳಿಕವೇ ಡ್ರೈವನ್ನು ಬಿಟ್ಟುಕೊಡುತ್ತದೆ. ತೆಗೆಯಬಹುದೆಂಬ ಸೂಚನೆ ಬರುವವರೆಗೆ ತಾಳ್ಮೆಯಿರಲಿ. ಮಕ್ಕಳ ಶ್ರಮ ವ್ಯರ್ಥವಾಗದು.