ಕಾದಷ್ಟೂ ಗಟ್ಟಿಯಾಗುವ ಲೋಹ

ಪ್ರಶ್ನೆ: ಕಾಯಿಸಿದರೆ ಲೋಹ ಮೆತ್ತಗಾಗುತ್ತದೆ. ಕಾದಷ್ಟೂ ಬಲಗೊಳ್ಳುವ ಲೋಹವೂ ಇದೆಯಂತೆ, ನಿಜವೇ?

ಉತ್ತರ: ನಿಜ, ಆದರೆ ಒಂದು ಮಿತಿಯವರೆಗೆ. ಮೂರು ಪಾಲು ನಿಕಲ್, ಒಂದು ಪಾಲು ಅಲ್ಯೂಮಿನಿಯಂ ಪರಮಾಣುಗಳಿರುವ ನಿಕಲ್ ಅಲ್ಯೂಮಿನೈಡ್ ಅಂಥದ್ದು. ಸಾಮಾನ್ಯ ಮಿಶ್ರಲೋಹದಲ್ಲಿ ಪರಮಾಣುಗಳು ಸಿಕ್ಕ ಕಡೆ ಕೂರುತ್ತವೆ. ಇಲ್ಲಿ ಹಾಗಲ್ಲ: ಘನಾಕೃತಿಯ ಮೂಲೆಗಳಲ್ಲಿ ಅಲ್ಯೂಮಿನಿಯಂ, ಮುಖಗಳ ನಡುವೆ ನಿಕಲ್. ಲೋಹ ಬಾಗುವುದೆಂದರೆ ಈ ಜೋಡಣೆಯೊಳಗಿನ ದೋಷರೇಖೆಗಳು ಜಾರುವುದು. ಶಾಖ ಏರಿದಾಗ ಆ ರೇಖೆಗಳು ತಮ್ಮ ಸಮತಲ ಬಿಟ್ಟು ಬೇರೊಂದು ಸಮತಲಕ್ಕೆ ಹೊರಳಿ ಅಲ್ಲೇ ಸಿಕ್ಕಿಬೀಳುತ್ತವೆ. ಹಾಗಾಗಿ ಸುಮಾರು 700–800 ಡಿಗ್ರಿ ಸೆಲ್ಸಿಯಸ್‌ವರೆಗೆ ಬಲ ಏರುತ್ತದೆ, ಆಮೇಲೆ ಇಳಿಯುತ್ತದೆ. ಜೆಟ್ ಎಂಜಿನ್ನಿನ ನಿಕಲ್ ಬ್ಲೇಡುಗಳ ತಾಳಿಕೆಯ ಗುಟ್ಟು ಅವುಗಳೊಳಗೆ ಹರಡಿಕೊಂಡಿರುವ ಇದೇ ಬಗೆಯ ಸೂಕ್ಷ್ಮ ಕಣಗಳು.

ಇದೇ ಬಳಗದ ಟೈಟಾನಿಯಂ ಅಲ್ಯೂಮಿನೈಡ್ ತೂಕದಲ್ಲಿ ನಿಕಲ್ ಮಿಶ್ರಲೋಹದ ಅರ್ಧದಷ್ಟು. ಬೋಯಿಂಗ್ 787ಕ್ಕೆ ಅಳವಡಿಸುವ ಜೆನೆಕ್ಸ್ ಎಂಜಿನ್ನಿನ ಟರ್ಬೈನಿನ ಕೊನೆಯ ಸಾಲುಗಳಲ್ಲಿ ಇದರ ಬ್ಲೇಡುಗಳಿವೆ. ಬ್ಲೇಡು ಹಗುರಾದರೆ ಅದನ್ನು ಹಿಡಿದಿಡುವ ಚಕ್ರವನ್ನೂ ಹಗುರಾಗಿಸಬಹುದು; ನಿಜವಾದ ಲಾಭ ಅಲ್ಲಿದೆ.

ಹಾಗಾದರೆ ಎಲ್ಲೆಡೆ ಯಾಕಿಲ್ಲ? ತಣ್ಣಗಿರುವಾಗ ಇವು ಮಹಾ ಪೆಡಸು. ಎಳೆದರೆ ಟೈಟಾನಿಯಂ ಅಲ್ಯೂಮಿನೈಡ್ ಶೇ. 1–2ರಷ್ಟು ಹಿಗ್ಗುವುದರೊಳಗೆ ಮುರಿದೀತು. ಎರಕ ಹೊಯ್ಯುವುದೂ ಕಡೆಯುವುದೂ ತಲೆನೋವು, ಖರ್ಚೂ ಹೆಚ್ಚು.

ಈ ಬಳಗದಲ್ಲಿ ನನಗೆ ಮೋಜೆನಿಸುವುದು ಮಾಲಿಬ್ಡಿನಂ ಡೈಸಿಲಿಸೈಡ್. ಮೈಮೇಲೆ ತಾನೇ ಗಾಜಿನಂಥ ಪೊರೆ ಹೊದ್ದು, 1,700 ಡಿಗ್ರಿಯ ಕುಲುಮೆಯಲ್ಲೂ ಕಾಯಿಸುವ ಸರಳಾಗಿ ದುಡಿಯುತ್ತದೆ. ಅದನ್ನೇ 500 ಡಿಗ್ರಿಯ ಆಸುಪಾಸಿನ ಗಾಳಿಯಲ್ಲಿ ಬಹುಕಾಲ ಇಟ್ಟರೆ ಪುಡಿಪುಡಿಯಾಗಬಹುದು!