ಹೆಸರಿಲ್ಲದ ಅಂಕಿಗಳು: ಪ್ರೊಫೈಲರ್ ಮತ್ತು ಅದನ್ನು ಪ್ಯಾಕೇಜ್ ಮಾಡುವವರು

1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಮಸ್ಕಿಯ ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರಗಳು ಬಿದ್ದವು. ಅಲ್ಲಿಯವರೆಗೆ ದೇಶದ ಮೂಲೆಮೂಲೆಯಲ್ಲಿ ಸಿಕ್ಕಿದ್ದ ಈ ಬಗೆಯ ಶಾಸನಗಳಲ್ಲಿ ‘ದೇವಾನಂಪಿಯ’, ‘ಪಿಯದಸಿ’ ಎಂಬ ಬಿರುದುಗಳಷ್ಟೇ ಇದ್ದವು. ಆ ರಾಜ ಅಶೋಕನೇ ಇರಬೇಕೆಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ತರ್ಕಿಸಿದ್ದರು. ಮಸ್ಕಿಯ ಬಂಡೆ ಬಿರುದಿನ ಜೊತೆಗೇ ಹೆಸರನ್ನೂ ಹೇಳಿತು, ತರ್ಕಕ್ಕೆ ಸಾಕ್ಷಿ ಸಿಕ್ಕಿತು. ಕಂಪ್ಯೂಟರ್ ಪ್ರೋಗ್ರಾಮ್ ಎಲ್ಲಿ ನಿಧಾನವಾಗುತ್ತಿದೆ ಎಂದು ಪತ್ತೆಹಚ್ಚುವ ಪ್ರೊಫೈಲರ್ ಎಂಬ ಸಾಧನವೂ ಇಂಥದೇ ಸಾಕ್ಷಿಗಾಗಿ ಕಾಯುತ್ತದೆ. ಅದರ ಕೈಗೆ ಸಿಗುವುದು ಬರೀ ಅಂಕಿಗಳು. ಆ ಅಂಕಿಗಳಿಗೆ ಹೆಸರು ಸಿಗುತ್ತದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವವರು ಸಾಧನ ಬರೆದವರಲ್ಲ, ಅದನ್ನು ಡೆಬಿಯನ್, ಫೆಡೋರಾ, ಉಬುಂಟುಗಳಂಥ ಲಿನಕ್ಸ್ ವಿತರಣೆಗಳಿಗೆ ಪ್ಯಾಕೇಜ್ ಮಾಡಿ ಕೊಡುವವರು. ಪ್ಯಾಕೇಜ್ ಮಾಡುವುದೆಂದರೆ ಫೈಲುಗಳನ್ನು ಕಟ್ಟಿಡುವ ಗುಮಾಸ್ತಿಕೆ ಎಂಬ ಭಾವನೆ ಸಾಮಾನ್ಯ. ಪ್ರೊಫೈಲರ್ ವಿಷಯದಲ್ಲಂತೂ ಅದು ಪೂರ್ತಿ ತಪ್ಪು.

ಲಿನಕ್ಸ್ ಕರ್ನಲ್‌ನ ಜೊತೆಗೇ ಬೆಳೆದ ಪರ್ಫ್ ಎಂಬ ಪ್ರೊಫೈಲರನ್ನೇ ನೋಡೋಣ. ಓಡುತ್ತಿರುವ ಪ್ರೊಸೆಸರನ್ನು ಅದು ಸೆಕೆಂಡಿಗೆ ಸಾವಿರಾರು ಸಲ, ಮಾಮೂಲಾಗಿ 4000 ಸಲ, ಕ್ಷಣಮಾತ್ರ ತಡೆದು, ಆಗ ಯಾವ ವಿಳಾಸದಲ್ಲಿರುವ ಆದೇಶ ನಡೆಯುತ್ತಿತ್ತು ಎಂದು ಬರೆದುಕೊಳ್ಳುತ್ತದೆ. ಒಂದೇ ಜಾಗ ಮತ್ತೆ ಮತ್ತೆ ಸಿಕ್ಕರೆ ಸಮಯ ಅಲ್ಲಿಯೇ ಖರ್ಚಾಗುತ್ತಿದೆ ಎಂದರ್ಥ. ಆದರೆ ಬರೆದುಕೊಂಡದ್ದು ಹದಿನಾರು ಅಂಕಿಗಳ ಉದ್ದನೆಯ ವಿಳಾಸ ಮಾತ್ರ. ಅದು ಚಿತ್ರವನ್ನು ಕುಗ್ಗಿಸುವ ಫಂಕ್ಷನ್ನೋ, ಕನ್ನಡದ ಒತ್ತಕ್ಷರಗಳನ್ನು ಜೋಡಿಸುವ ಫಂಕ್ಷನ್ನೋ ತಿಳಿಯಲು ಹೆಸರಿನ ಪಟ್ಟಿ ಬೇಕು. ಜಾಗ ಉಳಿಸಲೆಂದು ವಿತರಣೆಗಳು ಈ ಪಟ್ಟಿಯನ್ನು ಪ್ರೋಗ್ರಾಮಿನಿಂದ ಕಿತ್ತು ಬೇರೆಡೆ ಇಡುತ್ತವೆ. ಡೆಬಿಯನ್‌ನಲ್ಲಿ ಅವಕ್ಕೆಂದೇ ಪ್ರತ್ಯೇಕ ಪ್ಯಾಕೇಜುಗಳಿವೆ. ಕಿತ್ತದ್ದನ್ನು ಮತ್ತೆ ಹೊಂದಿಸಲು ಪ್ರೋಗ್ರಾಮಿನಲ್ಲೂ ಪಟ್ಟಿಯಲ್ಲೂ ಒಂದೇ ಗುರುತಿನ ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ 20 ಬೈಟ್ ಉದ್ದದ್ದು. ಒಂದು ಅಂಕಿ ತಾಳೆಯಾಗದಿದ್ದರೂ ಆ ಪಟ್ಟಿ ಬೇರೊಂದು ಆವೃತ್ತಿಯದು ಎಂದು ಗೊತ್ತಾಗುತ್ತದೆ.

ಹೆಸರೊಂದೇ ಸಾಲದು, ಯಾರು ಯಾರನ್ನು ಕರೆದರು ಎಂಬ ಸರಪಳಿಯೂ ಬೇಕು. ಪ್ರೊಸೆಸರಿನ ಒಂದು ರಿಜಿಸ್ಟರನ್ನು ಇದಕ್ಕೆಂದೇ ಮೀಸಲಿಟ್ಟರೆ ಪ್ರೊಫೈಲರ್ ಕೊಂಡಿ ಹಿಡಿದು ಸಲೀಸಾಗಿ ಹಿಂದಕ್ಕೆ ಹೋಗುತ್ತದೆ. ಇದು ಫ್ರೇಮ್ ಪಾಯಿಂಟರ್ ವಿಧಾನ. ಎಂಟೇ ರಿಜಿಸ್ಟರುಗಳಿದ್ದ ಹಳೆಯ 32 ಬಿಟ್ ಇಂಟೆಲ್ ಪ್ರೊಸೆಸರುಗಳಲ್ಲಿ ಒಂದನ್ನು ಹೀಗೆ ಬಿಟ್ಟುಕೊಡುವುದು ದುಬಾರಿಯಾಗಿತ್ತು, ಹಾಗಾಗಿ ಅದನ್ನು ಕೈಬಿಡುವ ರೂಢಿ ಬಂತು. 64 ಬಿಟ್‌ನಲ್ಲಿ ರಿಜಿಸ್ಟರುಗಳು ಹದಿನಾರಾದರೂ ರೂಢಿ ಬದಲಾಗಲಿಲ್ಲ. ಫ್ರೇಮ್ ಪಾಯಿಂಟರ್ ಇಲ್ಲದಿದ್ದಾಗ ಪರ್ಫ್ ಬಳಸುವ ಇನ್ನೊಂದು ವಿಧಾನದಲ್ಲಿ ಕರೆಗಳ ಸರಪಳಿ ಇರುವ ಸ್ಟ್ಯಾಕ್ ಎಂಬ ಮೆಮೊರಿ ಭಾಗದಿಂದ ಪ್ರತಿ ಸಲವೂ ಸುಮಾರು 8 ಕೆಬಿಯನ್ನು ನಕಲು ಮಾಡಿಕೊಳ್ಳಬೇಕು. ಸೆಕೆಂಡಿಗೆ 4000 ಸಲವೆಂದರೆ 32 ಎಂಬಿ, ಅದೂ ಒಂದೇ ಕೋರ್‌ಗೆ! ಹಳೆಯ ಹಾರ್ಡ್ ಡಿಸ್ಕ್ ಇರುವ ಲ್ಯಾಬ್ ಕಂಪ್ಯೂಟರಿನಲ್ಲಿ ಅಳೆಯುವ ಕೆಲಸವೇ ಅಳತೆಯನ್ನು ಕೆಡಿಸುವಷ್ಟು ಭಾರ ಇದು.

ಎಲ್ಲ ಪ್ಯಾಕೇಜುಗಳನ್ನೂ ಫ್ರೇಮ್ ಪಾಯಿಂಟರ್ ಸಮೇತ ಕಟ್ಟಬೇಕೆಂಬ ಪ್ರಸ್ತಾವಕ್ಕೆ ಫೆಡೋರಾದಲ್ಲಿ ದೊಡ್ಡ ಜಗಳವಾಯಿತು. ಕೆಲವೇ ಡೆವಲಪರುಗಳ ಅನುಕೂಲಕ್ಕಾಗಿ ಎಲ್ಲ ಬಳಕೆದಾರರ ಯಂತ್ರ ಒಂದೆರಡು ಶೇಕಡಾ ನಿಧಾನವಾಗುವುದು ಯಾವ ನ್ಯಾಯ ಎಂದು ವಿರೋಧಿಗಳು ಕೇಳಿದರು. ಆಕ್ಷೇಪ ಹಗುರವಾದದ್ದಲ್ಲ. ಪೈಥಾನ್‌ನ ಕೆಲವು ಪರೀಕ್ಷೆಗಳಲ್ಲಿ ನಷ್ಟ ಶೇ. 10ರವರೆಗೂ ಹೋಗಿತ್ತು. ಪ್ರಸ್ತಾವ ಮೊದಲು ಬಿದ್ದುಹೋಯಿತು, ಮರುಪರಿಶೀಲನೆಯಲ್ಲಿ ಗೆದ್ದಿತು. 2023ರ ಫೆಡೋರಾ 38ರಲ್ಲಿ ಪೈಥಾನ್‌ಗೆ ವಿನಾಯಿತಿ ಕೊಟ್ಟು ಅದು ಜಾರಿಗೆ ಬಂತು, ಮರುವರ್ಷ ಉಬುಂಟು 24.04 ಅದೇ ದಾರಿ ಹಿಡಿಯಿತು. ಈ ತೀರ್ಮಾನ ಸರಿ ಎಂದೇ ನನ್ನ ನಿಲುವು. ಬಳಕೆದಾರರು ಕೊಡುವ ಒಂದು ಶೇಕಡಾ ವ್ಯರ್ಥವಾಗುವುದಿಲ್ಲ. ಇಡೀ ವ್ಯವಸ್ಥೆಯಲ್ಲಿ ಎಲ್ಲಿ ಸಮಯ ಸೋರುತ್ತಿದೆ ಎಂದು ಕಂಡುಹಿಡಿದು ಸರಿಪಡಿಸಿದಾಗ ಅದರ ಲಾಭವೂ ಅವರಿಗೇ ಬರುತ್ತದೆ. ಕಾಣದ ಸೋರಿಕೆಯನ್ನು ಯಾರೂ ಮುಚ್ಚಲಾರರು.

ಸೋರ್ಸ್ ಕೋಡ್ ಎಲ್ಲರಿಗೂ ಸಿಗುತ್ತದಲ್ಲ, ಬೇಕಾದವರು ತಾವೇ ಕಂಪೈಲ್ ಮಾಡಿಕೊಳ್ಳಲಿ ಎನ್ನುವವರಿದ್ದಾರೆ. ಪ್ರೊಫೈಲರನ್ನು ಹಾಗೆ ಮಾಡಿಕೊಳ್ಳಬಹುದು, ಆದರೆ ಅದು ನೋಡುವುದು ನಮ್ಮ ಪ್ರೋಗ್ರಾಮನ್ನಷ್ಟೇ ಅಲ್ಲ. ಅದರ ಕೆಳಗಿರುವ ಸಿ ಲೈಬ್ರರಿ, ಅಕ್ಷರ ಮೂಡಿಸುವ ಲೈಬ್ರರಿ, ಕರ್ನಲ್ ಎಲ್ಲವನ್ನೂ ನೋಡುತ್ತದೆ. ಈ ಲೈಬ್ರರಿಗಳಲ್ಲಿ ಒಂದರಲ್ಲಿ ಫ್ರೇಮ್ ಪಾಯಿಂಟರ್ ಇಲ್ಲದಿದ್ದರೂ ಸರಪಳಿ ಅಲ್ಲಿಗೇ ತುಂಡಾಗುತ್ತದೆ. ಸಾವಿರಾರು ಪ್ಯಾಕೇಜುಗಳನ್ನು ಒಂದೇ ನಿಯಮದಲ್ಲಿ ಕಟ್ಟುವ ಶಕ್ತಿ ವಿತರಣೆಗೆ ಮಾತ್ರ ಇದೆ. ಅದಕ್ಕಿರುವ ಕಟ್ಟುಪಾಡುಗಳೂ ಬೇರೆ. ಪರ್ಫ್‌ನ ಲೈಸೆನ್ಸ್ ಜಿಪಿಎಲ್‌ನ ಎರಡನೇ ಆವೃತ್ತಿ ಮಾತ್ರ, ವಿಳಾಸವನ್ನು ಸಾಲಿನ ಸಂಖ್ಯೆಗೆ ಬದಲಿಸುವ ಒಂದು ಲೈಬ್ರರಿಯದು ಮೂರನೆಯದು. ಮನೆಯಲ್ಲಿ ಎರಡನ್ನೂ ಸೇರಿಸಿ ಬಳಸಿದರೆ ತಕರಾರಿಲ್ಲ, ಸೇರಿಸಿ ಹಂಚುವಂತಿಲ್ಲ. ಹಾಗಾಗಿ ಡೆಬಿಯನ್ ಆ ಲೈಬ್ರರಿಯನ್ನು ಬಿಟ್ಟು ಪರ್ಫ್ ಕಟ್ಟಿತು, ಅದೇ ಕೆಲಸವನ್ನು ಬೇರೆ ಪ್ರೋಗ್ರಾಮಿನಿಂದ ಮಾಡಿಸಬೇಕಾಗಿ ಬಂದು ವರದಿ ತೆರೆಯುವುದು ಬಹಳ ನಿಧಾನವಾಯಿತು. ಸುರಕ್ಷತೆಯ ಲೆಕ್ಕವೂ ಇದೆ. 2013ರಲ್ಲಿ ಪರ್ಫ್‌ನ ಕರ್ನಲ್ ಭಾಗದ ದೋಷವೊಂದರಿಂದ ಸಾಮಾನ್ಯ ಬಳಕೆದಾರ ಇಡೀ ಯಂತ್ರದ ಯಜಮಾನನಾಗಬಹುದಿತ್ತು. ಸಾಮಾನ್ಯ ಬಳಕೆದಾರರಿಗೆ ಈ ಬಾಗಿಲನ್ನು ಡೆಬಿಯನ್ ಮುಚ್ಚಿಯೇ ಕೊಡುವುದು ವಿನಾಕಾರಣವಲ್ಲ.

ಪರ್ಫ್ ಕೂಡ ಬಳಸಿಕೊಳ್ಳುವ, ಓಡುತ್ತಿರುವ ಕರ್ನಲ್‌ನಲ್ಲಿ ಬೇಕೆಂದ ಕಡೆ ಅಳತೆಯ ಮೊಳೆ ಹೊಡೆಯುವ ಕೆ-ಪ್ರೋಬ್ಸ್, ಬಳಕೆದಾರರ ಪ್ರೋಗ್ರಾಮಿಗೆ ಅದನ್ನೇ ಮಾಡುವ ಯು-ಪ್ರೋಬ್ಸ್, ಇವೆರಡರ ಬೆಳವಣಿಗೆಯಲ್ಲೂ ಐಬಿಎಂನ ಬೆಂಗಳೂರು ಎಂಜಿನಿಯರುಗಳ ದುಡಿಮೆಯಿದೆ. ಮೊದಲನೆಯದು 2004ರಲ್ಲಿ, ಎರಡನೆಯದು 2012ರಲ್ಲಿ ಮುಖ್ಯ ಕರ್ನಲ್ ಸೇರಿತು. ಬೆಂಗಳೂರಿನ ಕೈಗಳು ದುಡಿದ ಈ ಸಾಧನಗಳು ಸಿಂಧನೂರು, ಲಿಂಗಸುಗೂರು, ಮಸ್ಕಿಯ ವಿದ್ಯಾರ್ಥಿಗೆ ನಿಜಕ್ಕೂ ಉಪಯೋಗಕ್ಕೆ ಬರಬೇಕಾದರೆ ಹೆಸರಿನ ಪಟ್ಟಿಯೂ ಕೈಗೆಟುಕಬೇಕು. ಈಗ ಬೇಕಾದಾಗ ಬೇಕಾದಷ್ಟನ್ನೇ ಇಂಟರ್ನೆಟ್ಟಿನಿಂದ ತರಿಸಿಕೊಳ್ಳುವ ಸರ್ವರುಗಳಿವೆ, ಹಾಗಿರುವಾಗ ಚಿಂತೆ ಏಕೆ ಎನ್ನಬಹುದು. ಆದರೆ ದೊಡ್ಡ ಪ್ರೋಗ್ರಾಮುಗಳ ಪೂರ್ಣ ಪಟ್ಟಿ ನೂರಾರು ಎಂಬಿ ಇರುತ್ತದೆ. ಫೋನಿನ ಹಾಟ್‌ಸ್ಪಾಟ್‌ನಲ್ಲಿ ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ನಂಬಿ ಕಲಿಯುವವರಿಗೆ ಎರಡು ಮೂರು ಡೌನ್‌ಲೋಡಿಗೇ ಆ ದಿನದ ಡೇಟಾ ಮುಗಿಯುತ್ತದೆ.

ಇದಕ್ಕೆ ಫೆಡೋರಾ 2013ರಲ್ಲೇ, ತನ್ನ 18ನೇ ಆವೃತ್ತಿಯಲ್ಲಿ, ಒಂದು ದಾರಿ ಮಾಡಿತ್ತು. ಸಾಲಿನ ಸಂಖ್ಯೆ, ವೇರಿಯೇಬಲ್ ವಿವರಗಳನ್ನೆಲ್ಲ ಬಿಟ್ಟು, ಫಂಕ್ಷನ್ ಹೆಸರುಗಳನ್ನಷ್ಟೇ ಒತ್ತಿ ಕುಗ್ಗಿಸಿ ಪ್ರೋಗ್ರಾಮಿನೊಳಗೇ ಇಡುವುದು. ಯಾವ ಫಂಕ್ಷನ್ ಸಮಯ ತಿನ್ನುತ್ತಿದೆ ಎಂಬ ಮೊದಲ ಪ್ರಶ್ನೆಗೆ ಇಷ್ಟು ಸಾಕು, ನೆಟ್‌ವರ್ಕ್ ಬೇಕಿಲ್ಲ. ಹೆಚ್ಚಿನ ವಿವರ ಬೇಕಾದವರು ಆ ಒಂದು ಪ್ಯಾಕೇಜಿನ ಪೂರ್ಣ ಪಟ್ಟಿಯನ್ನು ಆಮೇಲೆ ತರಿಸಿಕೊಳ್ಳಬಹುದು. ಡೆಬಿಯನ್ ಮತ್ತು ಅದರ ಬಳಗದ ವಿತರಣೆಗಳೂ ಈ ಕೆಲಸವನ್ನು ಎಲ್ಲ ಪ್ಯಾಕೇಜುಗಳಿಗೆ ಮಾಡಬೇಕು, ಮತ್ತು ಫ್ರೇಮ್ ಪಾಯಿಂಟರ್ ತೀರ್ಮಾನದ ಜೊತೆಗೇ ಮಾಡಬೇಕು. ಸರಪಳಿ ಸಿಕ್ಕಿ ಹೆಸರು ಸಿಗದಿದ್ದರೆ ವರದಿಯ ತುಂಬ ವಿಳಾಸಗಳೇ ಸಾಲುಗಟ್ಟಿರುತ್ತವೆ. ಹೆಸರು ಸಿಕ್ಕಿ ಸರಪಳಿ ಸಿಗದಿದ್ದರೆ ಮೆಮೊರಿ ನಕಲು ಮಾಡುವ ಫಂಕ್ಷನ್ ಮೇಲೇ ತಪ್ಪೆಲ್ಲ ಬೀಳುತ್ತದೆ, ಅದನ್ನು ಅಷ್ಟು ಸಲ ಕರೆದವರು ಯಾರೆಂದು ತಿಳಿಯುವುದೇ ಇಲ್ಲ.